‘ಲೋಕ’ ಎಂದು ಬರೆದ ಪೆಟ್ಟಿಗೆ

ಬಾ ಸಿಟ್ಸೆ, ಮೊದಲ ದಿನ ಅಲ್ಲವೇ, ಕೋಟು ಆ ಮೊಳೆಗೆ ಹಾಕು.
ಈ ಸಾಲು ರಾಕ್, ಗಾಯಕರ ಹೆಸರಿನ ಅಕ್ಷರದಂತೆ.
ಹಿಂದೆ ಜಾಝ್, ಅದಕ್ಕೆ ಹೋದ ವಾರ ಹೊಸ ಕಪಾಟು ಬಂತು.
ಶಾಸ್ತ್ರೀಯಕ್ಕೆ ಮೇಲಿನ ಮಹಡಿ, ನೆಲಕ್ಕೆ ಜಮಖಾನ;
ಅಲ್ಲಿ ಗಿರಾಕಿಗಳು ಬೆಲೆಯನ್ನೂ ಪಿಸುಗುಟ್ಟಿಯೇ ಕೇಳುತ್ತಾರೆ.

ಇಷ್ಟು ಮುಗಿದ ಮೇಲೆ ಉಳಿಯುವುದೇ ಲೋಕ.

ನೋಡು, ಮೆಟ್ಟಿಲ ಕೆಳಗೆ, ಬಾಳೆಹಣ್ಣು ಬಂದಿದ್ದ ಎರಡು ಪೆಟ್ಟಿಗೆ.
ಯಜಮಾನ ಹಾರ್ಮನ್ ಕಪ್ಪು ಶಾಯಿಯಲ್ಲಿ ಬರೆದದ್ದು.
ಮಂಗೋಲಿಯಾದ ಗಂಟಲು, ಬಲ್ಗೇರಿಯಾದ ಹೆಂಗಸರು,
ಆಂಡಿಸ್ ಬೆಟ್ಟದ ಕೊಳವೆ, ಜಾವಾದ ಕಂಚು,
ಮಾಲಿಯ ಸೋರೆಬುರುಡೆಗೆ ಕಟ್ಟಿದ ತಂತಿ,
ಬೆನ್ನಿಗೆ ಬೆನ್ನು ಒತ್ತಿ ನಿಂತಿವೆ
ಹಡಗಿನ ತಳದಲ್ಲಿ ಟಿಕೇಟಿಲ್ಲದೆ ಬಂದವರ ಹಾಗೆ,
ಒಬ್ಬರ ಮಾತು ಒಬ್ಬರಿಗೆ ತಿಳಿಯದೆ.

ಹೆಸರು ಇಟ್ಟವರು ಹಾಡುವವರಲ್ಲ, ಮಾರುವವರು.
ಎಲ್ಲಿಡಬೇಕೆಂದು ತೋಚದೆ ಕೈಯಲ್ಲಿ ಹಿಡಿದು ನಿಂತಾಗ ಹುಟ್ಟಿದ್ದು.
ಬೈಯಲಾರೆ.
ಹೆಸರಿಲ್ಲದ್ದನ್ನು ಯಾವ ಗಿರಾಕಿ ಮುಟ್ಟುತ್ತಾನೆ?

ಇದನ್ನು ತೆಗೆ. ಹಳದಿ ರಟ್ಟು, ಮೂಲೆ ಇಲಿ ಕಡಿದದ್ದು.
ನಾಲ್ವರು ಗಂಡಸರು, ಒಂದೇ ತಾನಿನಲ್ಲಿ ಹೊಲಿಸಿದ ನಾಲ್ಕು ಕೋಟು.
ಎಡಗಡೆ, ಗಿಟಾರಿನ ಮರಿಯಂಥ ಕವಕಿನ್ಯು ಹಿಡಿದು
ಕಣ್ಣು ಮುಚ್ಚಿದವನು ಲುಜೇರು ಫೊರ್ತೆಸ್,
ಕೇಪ್ ವರ್ಡಿನ ಸಾವ್ ನಿಕೊಲಾವ್ ದ್ವೀಪದವನು, ನನ್ನಪ್ಪ.
ಕಣ್ಣು ಮುಚ್ಚಿದ್ದು ಭಾವಕ್ಕಲ್ಲ;
ಬಂದರಿನಲ್ಲಿ ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದ,
ಫೋಟೋದವನು ಮೂರು ಎಣಿಸುವುದರೊಳಗೆ ತೂಕಡಿಸಿದ.

ತಿರುಗಿಸಿ ಓದು. ಧ್ವನಿಮುದ್ರಣ: ರಾಟರ್‌ಡ್ಯಾಮ್.
ಇಲ್ಲಿಂದ ಟ್ರಾಮಿನಲ್ಲಿ ನಾಲ್ಕನೇ ನಿಲ್ದಾಣ,
ಸೈಕಲ್ ಅಂಗಡಿಯ ನೆಲಮಾಳಿಗೆ,
ಗೋಡೆಗೆಲ್ಲ ಮೊಟ್ಟೆಯ ರಟ್ಟು ಬಡಿದಿದ್ದರಂತೆ.
ಮೇಲೆ ಯಾರಾದರೂ ಗಂಟೆ ಬಾರಿಸಿದರೆ ಹಾಡು ಮತ್ತೆ ಮೊದಲಿನಿಂದ.
ಒಂದು ಗಂಟೆ ಮಾತ್ರ ತಪ್ಪಿಸಿಕೊಂಡು ಒಳಗೇ ಉಳಿದಿದೆ,
ಎರಡನೇ ಮುಖ, ಮೂರನೇ ಹಾಡು.
ಬರ್ಲಿನ್ನಿನ ಪಂಡಿತನೊಬ್ಬ ಅದನ್ನು
‘ದ್ವೀಪದ ಪೂಜೆಯ ಪುಟ್ಟ ಕಂಚುವಾದ್ಯ’ ಎಂದು ಬರೆದ.
ಅಪ್ಪ ಆ ಪುಟ ಕತ್ತರಿಸಿ ಅಡುಗೆಮನೆಗೆ ಅಂಟಿಸಿದ,
ನಕ್ಕೂ ನಕ್ಕೂ ಕೆಮ್ಮಿದ.

ಆ ಹಾಡಿಗೆ ಜನ ವೈನ್ ಹಿಡಿದು ಕಣ್ಣೀರು ಒರೆಸಿಕೊಳ್ಳುತ್ತಾರೆ,
ಆಹಾ ವಿರಹ, ಆಹಾ ಕಡಲು.
ಅದು ಕೂಲಿಯಲ್ಲಿ ಮುರಿದುಕೊಂಡ ಮೇಸ್ತ್ರಿಗೆ ಬೈಗುಳ.
ಶುದ್ಧ ಬೈಗುಳ, ತಾಳಕ್ಕೆ ಕೂರಿಸಿದ್ದು.

ಇನ್ನೂರು ಕಿಲೋಮೀಟರು ಆಚೆ ಗ್ರೋನಿಂಗನ್‌ನಲ್ಲಿ ಹಾಡಿದವನು
ತನ್ನ ಅಕ್ಷರದ ಕೆಳಗೆ ಬೆಚ್ಚಗಿದ್ದಾನೆ.
ನಾಲ್ಕು ನಿಲ್ದಾಣ ಆಚೆ ಹಾಡಿದವನು ಲೋಕ.
ದೂರವನ್ನು ಯಾವ ಗಜಕಡ್ಡಿಯಲ್ಲಿ ಅಳೆದರೋ.

ಅಪ್ಪ ಲೋಕ ಬಿಟ್ಟ ವರ್ಷ,
ಪೆಟ್ಟಿಗೆಯಲ್ಲಿ ಮಾತ್ರ ಇನ್ನೂ ಲೋಕದಲ್ಲೇ ಇದ್ದ.
ನನಗೆ ತಡೆಯಲಿಲ್ಲ. ಅಂಗಡಿ ಮುಚ್ಚುವ ಹೊತ್ತಿಗೆ
ಧೂಳು ಒರೆಸಿ ಅವನನ್ನು ಮೇಲೆ ‘ಎಫ್’ ಸಾಲಿಗೆ ಸೇರಿಸಿದೆ,
ಕಳ್ಳಿಯ ಹಾಗೆ.
ಆರು ತಿಂಗಳು ಯಾರೂ ಎತ್ತಿ ನೋಡಲಿಲ್ಲ.

ಫೆಬ್ರುವರಿಯಲ್ಲಿ ಒಬ್ಬ ಅಜ್ಜಿ ಬಂದಳು, ಕೈಯಲ್ಲಿ ಮೀನಿನ ಚೀಲ.
ಕಪಾಟುಗಳ ಕಡೆ ಕತ್ತೂ ಹೊರಳಿಸದೆ
ನೇರ ಮೆಟ್ಟಿಲ ಕೆಳಗೆ ಹೋಗಿ ಮಂಡಿಯೂರಿದಳು.
ಜಾವಾ ಸರಿಸಿದಳು, ಮಾಲಿ ಸರಿಸಿದಳು,
ಮತ್ತೆ ಮೊದಲಿನಿಂದ.
‘ಇಲ್ಲೇ ಇರುತ್ತಿದ್ದನಲ್ಲ, ಲುಜೇರು’ ಎಂದಳು, ನಮ್ಮ ಮಾತಿನಲ್ಲೇ.
ನಾನು ಮೇಲಿನಿಂದ ತಂದುಕೊಟ್ಟೆ, ಮುಖ ಬಿಸಿಯಾಗಿತ್ತು.
ಚಿಲ್ಲರೆ ಎಣಿಸುತ್ತ ಕೇಳಿದಳು:
‘ಅಷ್ಟು ಎತ್ತರದಲ್ಲಿ ಯಾರೇ ಇಟ್ಟದ್ದು ಇವನನ್ನು?
ನಮ್ಮವರಿಗೆ ಹೇಗೆ ಸಿಗಬೇಕು?’

ಮನೆಯ ಅಟ್ಟದಲ್ಲಿ ಇನ್ನೂ ಮೂವತ್ತೊಂದು ಪ್ರತಿ ಇವೆ.
ಈಗ ಒಂದು ಮೇಲೆ, ಒಂದು ಕೆಳಗೆ.
ಹಾರ್ಮನ್ ನೋಡಿಯೂ ನೋಡದ ಹಾಗೆ ಇರುತ್ತಾನೆ.
ಕೆಳಗೆ ಒಂದು ದಿಂಬು ಇಟ್ಟಿದ್ದೇನೆ, ಮಂಡಿಗೆ.
ವಯಸ್ಸಾದವರು ಬಂದರೆ ಮೊದಲು ಅದನ್ನು ಕೊಡು,
ಆಮೇಲೆ ಏನು ಬೇಕೆಂದು ಕೇಳು.

ಸರಿ, ಮುಳ್ಳು ಇಳಿಸು. ಎರಡನೇ ಮುಖ.
ಮೇಸ್ತ್ರಿಯ ಅಜ್ಜಿಯವರೆಗೂ ಬೈದು ಮುಗಿಸುತ್ತಾನೆ,
ಆಗ ಬರುತ್ತದೆ ಗಂಟೆ.
ಕೇಳಿಸಿದರೆ ಕೈ ಎತ್ತು.